ಬಿಸಿಲಿಗಲ್ಲ ಮೈ ಕಪ್ಪಾದದ್ದು: ಅಡಿಸನ್ ಕಾಯಿಲೆಯ ಕಥೆ

1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 11 ರೋಗಿಗಳ ವಿವರ ಪ್ರಕಟಿಸಿದರು. ವಿಪರೀತ ಸುಸ್ತು, ಊಟ ಸೇರದಿರುವುದು, ಮೈ ಕಪ್ಪಾಗುವುದು ಅವರು ಗುರುತಿಸಿದ ಲಕ್ಷಣಗಳು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಹಾಳಾಗಿದ್ದೇ ಇದಕ್ಕೆ ಕಾರಣ. ಹಲವರಲ್ಲಿ ಅವನ್ನು ಹಾಳು ಮಾಡಿದ್ದು ಟಿಬಿ. ನಮ್ಮ ದೇಶದಲ್ಲಿ ಇಂದಿಗೂ ಟಿಬಿ ಒಂದು ಮುಖ್ಯ ಕಾರಣ.

ಕಾಯಿಲೆಗೆ ಹೆಸರು ಸಿಕ್ಕರೂ ಮದ್ದು ಸಿಗಲು ಸುಮಾರು ನೂರು ವರ್ಷ ಬೇಕಾಯಿತು. 1940ರ ದಶಕದ ಕೊನೆಗೆ ಕಾರ್ಟಿಸೋನ್ ಬಂತು. ಅದರ ಹಿಂದಿನ ಸಂಶೋಧನೆಗೆ 1950ರಲ್ಲಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ನೊಬೆಲ್ ಪಡೆದರು. ಇದೇ ಕಾಯಿಲೆಯಿದ್ದ ಜಾನ್ ಕೆನಡಿ 1961ರಲ್ಲಿ ಅಮೆರಿಕದ ಅಧ್ಯಕ್ಷರಾದರು.

ಶನಿವಾರಸಂತೆ ಸುತ್ತ ಕಾಫಿ ತೋಟದಲ್ಲಿ ದುಡಿಯುವವರು ಕಪ್ಪಾದರೆ 'ಬಿಸಿಲು' ಎಂದು ಸುಮ್ಮನಾಗುತ್ತೇವೆ. ಆದರೆ ಬಿಸಿಲು ತಾಗದ ಒಸಡು, ಬಾಯಿಯ ಒಳಭಾಗ, ಅಂಗೈ ಗೆರೆಗಳು ಹೊಸದಾಗಿ ಕಪ್ಪಾಗುತ್ತಿವೆಯೇ ನೋಡಿ. ಜೊತೆಗೆ ತೂಕ ಇಳಿದು, ಎದ್ದು ನಿಂತರೆ ತಲೆ ಸುತ್ತಿ, ಉಪ್ಪಿಗೆ ಬಾಯಿ ಹಾತೊರೆಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ರಕ್ತದಲ್ಲಿ ಕಾರ್ಟಿಸೋಲ್ ಪರೀಕ್ಷಿಸುವುದು ಮೊದಲ ಹೆಜ್ಜೆ.

ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ಜೀವನಪೂರ್ತಿ ಹೈಡ್ರೋಕಾರ್ಟಿಸೋನ್ ಮಾತ್ರೆ. 'ಗುಣವಾಯಿತು' ಎಂದು ಬಿಟ್ಟರೆ ಜೀವಕ್ಕೆ ಅಪಾಯ. ಜ್ವರ ಬಂದಾಗ ಡಾಕ್ಟರ್ ಮೊದಲೇ ಹೇಳಿಕೊಟ್ಟಂತೆ ಡೋಸ್ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಪಡೆಯಬೇಕು. ಟಿಬಿ ಮಾತ್ರೆ ರಿಫಾಂಪಿಸಿನ್ ಈ ಮದ್ದಿನ ಬಲ ತಗ್ಗಿಸುತ್ತದೆ, ಅದನ್ನೂ ಡಾಕ್ಟರಿಗೆ ತಿಳಿಸಿ. ಕಾಯಿಲೆಯ ಹೆಸರು ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಅದೇ ನಿಮ್ಮ ಪರವಾಗಿ ಮಾತಾಡುತ್ತದೆ.