1891ರಲ್ಲಿ ಊಟಿಯಲ್ಲಿ ನಮ್ಮವರು ಕೇಳಿದ್ದೇನು?



ಮಹಾಡ್ ಕೆರೆಯ ಕತೆ ನಮ್ಮ ಕೇರಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಪ್ರತಿ ಏಪ್ರಿಲ್ 14ಕ್ಕೆ ಯಾರಾದರೂ ಒಬ್ಬರು ಆ ಭಾಷಣ ಮಾಡೇ ಮಾಡ್ತಾರೆ. ಆದರೆ ಅದಕ್ಕೂ 35 ವರ್ಷ ಮುಂಚೆ, ನಾವು ಬಸ್ಸು ಹತ್ತಿ ಹೋಗಿಬರುವ ಈ ಊಟಿಯಲ್ಲೇ ನಮ್ಮವರು ಸಭೆ ಸೇರಿ ಬಾವಿ ನೀರು ಕೇಳಿದ್ದರು, ಮುನಿಸಿಪಾಲಿಟಿಯಲ್ಲಿ ಜಾಗ ಕೇಳಿದ್ದರು. ಅದನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದ್ತಿರೋದರಿಂದ ನನ್ನ ಕಣ್ಣಿಗೆ ಬಿತ್ತು, ಅಷ್ಟೇ.

ಆ ಸಭೆ ನಡೆಸಿದವರು ಅಯೋತಿದಾಸ ಪಂಡಿತರು. 1845ರಲ್ಲಿ ಹುಟ್ಟಿದವರು, ಮೊದಲಿನ ಹೆಸರು ಕಾತವರಾಯನ್. ಅವರ ತಾತ ಇಂಗ್ಲಿಷ್ ದೊರೆಯ ಮನೆಯಲ್ಲಿ ಬಟ್ಲರ್ ಆಗಿದ್ದರು. ಪಂಡಿತರು ಬೆಳೆದದ್ದು ನೀಲಗಿರಿಯಲ್ಲಿ. ಸಿದ್ಧವೈದ್ಯ ಬಲ್ಲವರು, ಮುಂದೆ 1898ರಲ್ಲಿ ಬೌದ್ಧರಾದರು, 1907ರಲ್ಲಿ 'ಒರು ಪೈಸಾ ತಮಿಳನ್' ಪತ್ರಿಕೆ ಶುರು ಮಾಡಿದರು. ಅವರು ತಮಿಳರು, ನಮ್ಮ ಮನೆಮಾತು ಕನ್ನಡ, ನಮಗೂ ಅವರಿಗೂ ಏನು ಅಂತ ಯಾರಾದರೂ ಕೇಳಬಹುದು. ಬಾವಿ ಹತ್ತಿರ ನಮ್ಮನ್ನು ತಡೆದವರು ಮೊದಲು ಭಾಷೆ ಯಾವುದು ಅಂತ ಕೇಳಿ ತಡೆದರಾ?

1891ರ ಡಿಸೆಂಬರ್ 1ರಂದು ಊಟಿಯಲ್ಲಿ ದ್ರಾವಿಡ ಮಹಾಜನ ಸಭೆಯ ಹೆಸರಲ್ಲಿ ಸೇರಿದರು. ಹತ್ತು ಬೇಡಿಕೆ ಬರೆದರು. ಜಾತಿ ಹೆಸರು ಹಿಡಿದು ಕೀಳಾಗಿ ಕರೆಯುವವರಿಗೆ ಶಿಕ್ಷೆ ಆಗುವ ಕಾನೂನು ಬೇಕು ಅನ್ನುವುದು ಒಂದು. ನಮ್ಮ ಮಕ್ಕಳಿಗೆ ಶಾಲೆ, ವಿದ್ಯಾರ್ಥಿವೇತನ, ಓದಿದವರಿಗೆ ಸರ್ಕಾರಿ ಕೆಲಸ ಬೇಕು ಅಂದರು. ಜೈಲಿನಲ್ಲಿ ನಮ್ಮವರಿಗೇ ಕೀಳು ಕೆಲಸ ಹಚ್ಚುವ ನಿಯಮ ತೆಗೀಬೇಕು ಅಂದರು. ಕಚೇರಿ, ಕೋರ್ಟಿನೊಳಗೆ ಬರಲು, ಕೂರಲು ಇರುವ ತಡೆ ಹೋಗಬೇಕು, ಎಲ್ಲರೂ ನೀರು ಸೇದುವ ಬಾವಿ ಕೆರೆಯಲ್ಲಿ ನಾವೂ ಸೇದಬೇಕು ಅಂದರು.

ನಾನು ಎರಡು ಸಲ ಓದಿದ್ದು ಇನ್ನೆರಡು ಬೇಡಿಕೆ. ಪ್ರತಿಯೊಂದು ಜಿಲ್ಲಾ ಬೋರ್ಡಿನಲ್ಲೂ ಮುನಿಸಿಪಲ್ ಬೋರ್ಡಿನಲ್ಲೂ ನಮ್ಮ ಕಷ್ಟ ಹೇಳೋಕೆ ನಮ್ಮವನೇ ಒಬ್ಬ ಕೂತಿರಬೇಕು. ಕಲೆಕ್ಟರ್ ಹಳ್ಳಿಗೆ ಬಂದಾಗ ನಡುವೆ ಯಾರೂ ಇಲ್ಲದೆ ನೇರವಾಗಿ ನಮ್ಮ ಜನರ ಹತ್ತಿರ ಮಾತಾಡಬೇಕು. ಅಂದರೆ ಆವಾಗಲೇ ಅವರಿಗೆ ಗೊತ್ತಿತ್ತು, ನಮ್ಮ ದೂರು ಊರ ದೊಡ್ಡವರ ಬಾಯಿಂದ ಮೇಲಕ್ಕೆ ಹೋದರೆ ದಾರಿಯಲ್ಲೇ ಕರಗಿಹೋಗುತ್ತೆ ಅಂತ.

ಮುನಿಸಿಪಾಲಿಟಿಯೇ ಯಾಕೆ? ಊಟಿಗೆ ಮುನಿಸಿಪಾಲಿಟಿ ಬಂದದ್ದು 1866ರಲ್ಲಿ. ನೀರು, ಚರಂಡಿ, ಬೀದಿ ದೀಪ, ಕಕ್ಕಸು ಶುಚಿ, ಎಲ್ಲಾ ಅದರ ಕೈಯಲ್ಲಿ. ಮೆಂಬರುಗಳನ್ನು ಆರಿಸುವ ಪದ್ಧತಿ ಬಂದ ಮೇಲೂ ಮತ ಇದ್ದದ್ದು ತೆರಿಗೆ ಕಟ್ಟುವ ಸ್ಥಿತಿವಂತರಿಗೆ. ಚರಂಡಿ ತೋಡುವವನಿಗೆ ಚರಂಡಿ ಎಲ್ಲಿ ಬರಬೇಕು ಅಂತ ಹೇಳುವ ಹಕ್ಕು ಇರಲಿಲ್ಲ. ಬೇಡಿಕೆಗಳನ್ನು ಕಾಂಗ್ರೆಸ್ಸಿಗೂ ಕಳಿಸಿದರು. ಅಲ್ಲಿಂದ ಏನೂ ಆಗಲಿಲ್ಲ.

ಬಾವಿಯ ಮಾತು ಮತ್ತೆ ಎತ್ತಿದವರೂ ಈ ಬೆಟ್ಟ ಕಂಡವರೇ. ರೆಟ್ಟಮಲೈ ಶ್ರೀನಿವಾಸನ್ 1890ರಲ್ಲಿ ಮದ್ರಾಸಿಗೆ ಹೋಗುವ ಮೊದಲು ನೀಲಗಿರಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡ್ತಿದ್ದರು. 1923ರಲ್ಲಿ ಮದ್ರಾಸ್ ಶಾಸನ ಸಭೆಗೆ ಸದಸ್ಯರಾದರು. ಸಾರ್ವಜನಿಕ ರಸ್ತೆ, ಬಾವಿ, ಕೆರೆ ಎಲ್ಲರಿಗೂ ಅನ್ನುವ ನಿರ್ಣಯ 1924ರಲ್ಲಿ ಅವರಿಂದ ಆಯ್ತು. ಊಟಿ ಸಭೆ ಆಗಿ ಆಗಲೇ 33 ವರ್ಷ. 1930ರಲ್ಲಿ ಬಾಬಾಸಾಹೇಬರ ಜೊತೆ ಲಂಡನ್ನಿನ ದುಂಡುಮೇಜಿನ ಸಭೆಗೆ ಹೋದವರು ಇವರೇ.

ನಿರ್ಣಯ ಆದ ಮಾತ್ರಕ್ಕೆ ಕೊಡಕ್ಕೆ ನೀರು ಬೀಳಲ್ಲ. ಮಹಾಡ್ ಕೂಡ ನಿಜವಾಗಿ ಒಂದು ಮುನಿಸಿಪಾಲಿಟಿಯ ಕತೆ, ಭಾಷಣದಲ್ಲಿ ಆ ಭಾಗ ಬಿಟ್ಟುಬಿಡ್ತಾರೆ. ಚವದಾರ್ ಕೆರೆ ಎಲ್ಲರಿಗೂ ಅಂತ ಅಲ್ಲಿನ ಮುನಿಸಿಪಾಲಿಟಿ 1924ರಲ್ಲೇ ನಿರ್ಣಯ ಮಾಡಿತ್ತು. ಯಾರೂ ಮುಟ್ಟೋಕೆ ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನೀರು ಕುಡಿದ ಮೇಲೆ, ಆಗಸ್ಟಿನಲ್ಲಿ ಅದೇ ಮುನಿಸಿಪಾಲಿಟಿ ತನ್ನ ನಿರ್ಣಯವನ್ನು ವಾಪಸ್ ತೊಗೊಂಡಿತು! ಕೊನೆಗೆ ಬಾಂಬೆ ಹೈಕೋರ್ಟಿನಲ್ಲಿ ತೀರ್ಪು ಬಂದದ್ದು 1937ರಲ್ಲಿ.

ಇದು ಹಳೇ ಕಾಲದ್ದು ಅಂತೀರಾ? ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧ ಮಾಡಿದ್ದು 1970ರ ದಶಕದ ಶುರುವಿನಲ್ಲಿ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಆಫೀಸಿನ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ತಾವಿದ್ದ ಜಾಗದಿಂದ ಎಬ್ಬಿಸ್ತಾರೆ ಅನ್ನುವುದು ಅವರ ದೂರು. ಆ ಸುದ್ದಿ ಓದಿದಾಗ ನನಗೆ ಅನ್ನಿಸಿದ್ದು ಒಂದೇ. ಆ ಕಟ್ಟಡದ ಒಳಗೆ ಇವರ ಮಾತು ಮುಟ್ಟಿಸುವವರು ಒಬ್ಬರಿದ್ದಿದ್ದರೆ ಹೊರಗೆ ಹೀಗೆ ನಿಲ್ಲಬೇಕಾಗಿತ್ತಾ?

ಈಗ ಕುರ್ಚಿ ಇದೆ. 1994ರ ತಮಿಳುನಾಡು ಪಂಚಾಯತ್ ಕಾಯ್ದೆ ಬಂದ ಮೇಲೆ ಪಂಚಾಯತಿಯಲ್ಲಿ ನಮಗೆ ಮೀಸಲು ಸ್ಥಾನ ಇದೆ, ಮುನಿಸಿಪಾಲಿಟಿಯಲ್ಲೂ ಇದೆ. ಊಟಿಯಲ್ಲಿ 36 ವಾರ್ಡು. ಆದರೆ ಚುನಾವಣೆಯೇ ನಡೆಯದಿದ್ದರೆ ಮೀಸಲು ಇದ್ದು ಏನು? 2016ರ ಅಕ್ಟೋಬರಿನಲ್ಲಿ ಅವಧಿ ಮುಗಿದ ಮೇಲೆ ಪಂಚಾಯತಿಗೆ ಚುನಾವಣೆ ಆದದ್ದು 2019ರ ಡಿಸೆಂಬರಿನಲ್ಲಿ, ಊಟಿ ಮುನಿಸಿಪಾಲಿಟಿಗೆ 2022ರ ಫೆಬ್ರವರಿಯಲ್ಲಿ. ಐದು ವರ್ಷಕ್ಕೂ ಮೇಲೆ ಕೌನ್ಸಿಲರೇ ಇಲ್ಲ, ಅಧಿಕಾರಿಗಳದ್ದೇ ಆಡಳಿತ. 2025ರ ಜನವರಿಯಲ್ಲಿ ಪಂಚಾಯತಿಗಳ ಅವಧಿ ಮುಗಿದಾಗಲೂ ಮತ್ತೆ ಅಧಿಕಾರಿಗಳ ಕೈಗೇ ಹೋಯ್ತು. 1891ರಲ್ಲಿ ಕೇಳಿದ್ದನ್ನು ಕಾನೂನಿನಲ್ಲಿ ಕೊಟ್ಟು, ಚುನಾವಣೆ ತಡ ಮಾಡಿ ಕಿತ್ತುಕೊಂಡ ಹಾಗೆ ಇದು. ನನ್ನ ಅಭಿಪ್ರಾಯ ಇದೇ, ಬೇರೆಯವರು ಬೇರೆ ಹೇಳಬಹುದು.

ಕುರ್ಚಿ ಖಾಲಿ ಇದ್ದಾಗಲೂ ಎರಡು ಬಾಗಿಲು ಇದೆ. ಒಂದು ಗ್ರಾಮಸಭೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಅಲ್ಲಿ ಮೆಂಬರ್ ಅಲ್ಲದವರೂ ಎದ್ದು ಕೇಳಬಹುದು, ಕೇಳಿದ್ದನ್ನು ನಿರ್ಣಯದ ಪುಸ್ತಕದಲ್ಲಿ ಬರೆಸಬಹುದು. ಇನ್ನೊಂದು ಸೋಮವಾರ ಕಲೆಕ್ಟರ್ ಆಫೀಸಿನ ಕುರೈತೀರ್ಕುಂ ಕೂಟ. ಪಂಡಿತರ ಕೊನೆಯ ಬೇಡಿಕೆ ಅರ್ಧ ಆಗಿದೆ ಅನ್ನಬಹುದು, ಕಲೆಕ್ಟರ್ ನಮ್ಮ ಹತ್ತಿರ ಬರಲ್ಲ, ನಾವೇ ಬಸ್ ಚಾರ್ಜ್ ಕೊಟ್ಟು ಹೋಗಬೇಕು.

ಊಟಿಯ ಆ ಹತ್ತು ಬೇಡಿಕೆ ಇವತ್ತು ನನಗೆ ಸಿಕ್ಕಿದ್ದು ಅವರು ಬರೆದಿಟ್ಟಿದ್ದರಿಂದ. ನಮ್ಮ ಕೇರಿಯ ಹಿರಿಯರು ನಲ್ಲಿ, ದಾರಿ, ಸುಡುಗಾಡು ಅಂತ ಎಷ್ಟು ಸಲ ಹೋಗಿ ಹೇಳಿಬಂದಿದ್ದಾರೋ, ಬಾಯಿಮಾತು, ಒಂದು ಚೀಟಿ ಇಲ್ಲ. ಸಂಘದ ಬೀರುವಿನಲ್ಲಿ ಈಗ ಒಂದು ಫೈಲ್ ಇಟ್ಟಿದ್ದೀವಿ. ಅರ್ಜಿ ಕೊಡುವವರು ಇನ್ನೊಂದು ನಕಲಿಗೆ ತಾರೀಖು ಹಾಕಿ ಸೀಲ್ ಹೊಡೆಸಿಕೊಂಡು ಬಂದು ಅದರಲ್ಲಿ ಸೇರಿಸಿ. ತಮಿಳಿನಲ್ಲಿ ಬರೆಯೋಕೆ ಬರದ ಅಜ್ಜಿ, ಅತ್ತೆಯಂದಿರು ಭಾನುವಾರ ಸಂಜೆ ಬನ್ನಿ, ನಾನು ಇರ್ತೀನಿ, ಬರೆದುಕೊಡ್ತೀನಿ.