ಹತ್ತು ಮೊದಲೋ, ಬಿಡಿ ಮೊದಲೋ: ಗಡಿನಾಡಿನ ಎಣಿಕೆಯ ಇತಿಹಾಸ

ಇಪ್ಪತ್ತೊಂಬತ್ತು, ಮೂವತ್ತೊಂದು ಇವೆರಡರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಕನ್ನಡದ ಮಗುವಿಗೆ ಉತ್ತರದ ಅರ್ಧಭಾಗ ಹೆಸರಿನಲ್ಲಿಯೇ ದೊರೆಯುತ್ತದೆ. ನಾವು ಹತ್ತುಗಳನ್ನು ಮೊದಲು ನುಡಿದು ಬಿಡಿಯನ್ನು ಅನಂತರ ಸೇರಿಸುತ್ತೇವೆ. ಅಂಕಿ ಬರೆಯುವ ಕ್ರಮವೂ ಅದೇ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸಂತೆಗಳಲ್ಲಿ ನಾವು ಮರಾಠಿಯಲ್ಲಿಯೂ ಎಣಿಸುವವರು. ಅಲ್ಲಿ ಇಪ್ಪತ್ತೊಂಬತ್ತು ‘ಏಕೋಣತೀಸ್’, ಮೂವತ್ತೊಂದು ‘ಏಕತೀಸ್’. ಮೊದಲನೆಯದರ ಅರ್ಥ ಮೂವತ್ತಕ್ಕೆ ಒಂದು ಕಡಿಮೆ ಎಂದು. ಸಂಸ್ಕೃತದ ‘ಏಕೋನ’ದಿಂದ ಇಳಿದು ಬಂದ ಸೊಗಸಾದ ಮಾತೇ ಸರಿ, ಏಳು ವರ್ಷದ ಕಿವಿಗೆ ಮಾತ್ರ ಎರಡೂ ಅವಳಿ ಮಕ್ಕಳು.

ತಾಳವಾಡಿ, ಕಾಸರಗೋಡಿನ ನಮ್ಮವರ ತೊಡಕು ಬೇರೆ. ತಮಿಳು, ಮಲಯಾಳಗಳಲ್ಲಿಯೂ ಹತ್ತೇ ಮೊದಲು. ಆದರೆ ತೊಂಬತ್ತಕ್ಕೆ ‘ತೊಣ್ಣೂರು’, ಒಂಬೈನೂರಕ್ಕೆ ‘ತೊಳ್ಳಾಯಿರಂ’ ಎಂಬಲ್ಲಿ ಮುಂದಿನ ಸ್ಥಾನದ ನೂರು, ಸಾವಿರಗಳೇ ಇಣುಕುತ್ತವೆ. (ನಮ್ಮ ಒಂಬತ್ತಿನೊಳಗೂ ಹತ್ತು ಅಡಗಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುವುದರಿಂದ ನಾವು ಬೀಗುವಂತಿಲ್ಲ.)

ಸ್ಥಾನಗಳಿಗೆ ಹೆಸರಿಟ್ಟು ಕಲಿಸುವ ಪರಂಪರೆ ಈ ನೆಲಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದನು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ ರಚಿಸಿದನು. ಅಂದಿನ ಗಣಿತಕ್ಕೆ ಗಡಿಯಿರಲಿಲ್ಲ.

ಇತ್ತೀಚಿನ ಸಂಗತಿಯೊಂದು ನಮಗೆ ಇನ್ನೂ ಹತ್ತಿರದ್ದು. 2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿಯು ಎರಡನೆಯ ತರಗತಿಯ ಗಣಿತದಲ್ಲಿ ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂಬ ರೂಪವನ್ನೂ ತಂದಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿದರು. ಜೋಡಾಕ್ಷರಗಳ ಕಾಟ ತಪ್ಪಿ ನುಡಿಯೂ ಬರಹವೂ ಒಂದೇ ದಿಕ್ಕಿನಲ್ಲಿ ಸಾಗಲೆಂಬುದು ಉದ್ದೇಶ. ಭಾಷೆ ಕೆಡುತ್ತದೆಂಬ ಕೂಗೆದ್ದು ಚರ್ಚೆ ವಿಧಾನಸಭೆಯವರೆಗೂ ಹೋಯಿತು. ಆ ಆತಂಕವನ್ನು ನಾವು ಹಗುರವಾಗಿ ಕಾಣಲಾರೆವು. ಎಣಿಕೆಯ ಪದಗಳು ಕಳೆದರೆ ಏನು ಕಳೆಯುತ್ತದೆಂಬುದನ್ನು ಗಡಿಯವರು ಬಲ್ಲರು. ಆದರೂ ಆ ಹೊಸ ರೂಪ ನಡೆದದ್ದು ನಮ್ಮ ಇಪ್ಪತ್ತೊಂದರ ದಾರಿಯಲ್ಲಿಯೇ.

ನಮ್ಮ ಗಡಿಶಾಲೆಗಳ ಮಗು ತರಗತಿಯಲ್ಲಿ ಕನ್ನಡದಲ್ಲಿಯೂ ಅಂಗಡಿಯಲ್ಲಿ ಮರಾಠಿಯಲ್ಲಿಯೂ ಲೆಕ್ಕ ಕೇಳುತ್ತದೆ. ಅದು ‘ಏಕೋಣತೀಸ್’ ಕೇಳಿ 31 ಬರೆದರೆ ದಡ್ಡನೆನ್ನುವುದು ಅನ್ಯಾಯ. ಹತ್ತು ಕಡ್ಡಿಯ ಎರಡು ಕಟ್ಟು ಹಾಗೂ ಒಂಬತ್ತು ಬಿಡಿ, ಪಕ್ಕದಲ್ಲಿ ಮೂರು ಕಟ್ಟು ಹಾಗೂ ಒಂದು ಬಿಡಿ ಇಟ್ಟು, ಎರಡೂ ಭಾಷೆಗಳಲ್ಲಿ ಹೆಸರು ಹೇಳಿಸಬೇಕು. ಮೊದಲ ರಾಶಿಗೆ ಇನ್ನೊಂದು ಕಡ್ಡಿ ಸೇರಿಸಿ ಮೂರನೆಯ ಕಟ್ಟು ಕಟ್ಟಿಸಿದಾಗ ‘ಏಕೋಣ’ ಎಂದರೇನೆಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ.