ನೋಡಲು ಹೋದರೆ ಮಾಯ!

ನಮ್ಮ ಕೆಲಸದಲ್ಲಿ ಹೈಸೆನ್‌ಬಗ್ ಅಂತ ಒಂದಿದೆ. ಪ್ರೋಗ್ರಾಂ ಓಡುವಾಗ ಕಾಟ ಕೊಡುವ ತಪ್ಪು, ಹುಡುಕೋಣ ಅಂತ ಕೂತರೆ ಮಾಯ! ಸಮುದ್ರದಲ್ಲೂ ಅಂಥದ್ದೊಂದು ಮೀನಿದೆ. ಹೆಸರು ಗಾರ್ಡನ್ ಈಲ್, ಜಪಾನಿಯರಿಗೆ ಚಿನ್-ಅನಾಗೊ. ಕಡ್ಡಿಯಂಥ ಹಾವುಮೀನು, ಬಿಳಿ ಮೈಮೇಲೆ ಕಪ್ಪು ಚುಕ್ಕಿ, ಉದ್ದ 40 ಸೆಂ.ಮೀ. ತನಕ. ಬಾಲದಿಂದ ಮರಳು ಕೊರೆದು, ಲೋಳೆಯಿಂದ ಬಿಲದ ಗೋಡೆ ಗಟ್ಟಿ ಮಾಡಿಕೊಳ್ಳುತ್ತೆ. ಅರ್ಧ ಮೈ ಹೊರಗೆ ಚಾಚಿ, ತೇಲಿ ಬರುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತೆ. ಗುಂಪಾಗಿ ನಿಂತರೆ ಗದ್ದೆಯ ಪೈರು ತೂಗಿದ ಹಾಗೆ. ಯಾರಾದ್ರೂ ಹತ್ತಿರ ಬಂದರೆ ಬರೀ ಮರಳು!

ಆದರೆ ಮೊನ್ನೆ ಟೋಕಿಯೋದ ಸುಮಿದಾ ಅಕ್ವೇರಿಯಂನಲ್ಲಿ ಗಾಜಿಗೆ ಮೂಗು ತಾಗಿಸಿ ನಿಂತರೂ ಇವು ಅಡಗಲಿಲ್ಲ. ಯಾಕೆ ಅಂತ ಕೆದಕಿದಾಗ ಸಿಕ್ಕಿದ ಕಥೆ ಇದು.

1868ರಲ್ಲಿ ಡಚ್ ವಿಜ್ಞಾನಿ ಪೀಟರ್ ಬ್ಲೀಕರ್ ಇದರ ದಾಯಾದಿಯೊಂದನ್ನು ವರ್ಣಿಸಿ, ಹೆಟೆರೋಕಾಂಗರ್ ಎಂಬ ಕುಲದ ಹೆಸರಿಟ್ಟರು. ಆದರೆ ಸತ್ತ ಮೀನು ತನ್ನ ಬದುಕಿನ ಕಥೆ ಹೇಳೀತೇ? ಅದಕ್ಕೆ ಮನುಷ್ಯನೇ ನೀರಿಗಿಳಿಯಬೇಕಿತ್ತು. 1957-58ರಲ್ಲಿ ವಿಯೆನ್ನಾದ ಮುಳುಗುಗಾರ ಹಾನ್ಸ್ ಹಾಸ್ 'ಕ್ಸರೀಫಾ' ಎಂಬ ಹಾಯಿಹಡಗಿನಲ್ಲಿ ಮಾಲ್ಡೀವ್ಸ್‌ಗೂ ನಮ್ಮ ನಿಕೋಬಾರ್‌ಗೂ ಬಂದರು. ಜೊತೆಗೆ ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುತ್ತಿದ್ದ ಐಬ್ಲ್-ಐಬೆಸ್‌ಫೆಲ್ಟ್. 1959ರಲ್ಲಿ ಅವರೂ ಮೀನು ತಜ್ಞ ಕ್ಲಾಸೆವಿಟ್ಸ್ ಅವರೂ ಸೇರಿ ಈ ಚುಕ್ಕಿ ಮೀನಿಗೆ 'ಕ್ಸರೀಫಾನಿಯಾ ಹಾಸಿ' ಅಂತ ನಾಮಕರಣ ಮಾಡಿದರು. ಕುಲಕ್ಕೆ ಹಡಗಿನ ಹೆಸರು, ಜಾತಿಗೆ ನಾಯಕನ ಹೆಸರು! ಮುಂದೆ ಅದು ಬ್ಲೀಕರ್ ಅವರ ಹಳೆಯ ಕುಲಕ್ಕೇ ಸೇರಿತು. ನಮ್ಮ ಭಾಷೆಯಲ್ಲಿ ರೀಫ್ಯಾಕ್ಟರಿಂಗ್ ಅನ್ನಿ. ಹಡಗು ಹೋಯ್ತು, ಹಾಸ್ ಉಳಿದರು: ಹೆಟೆರೋಕಾಂಗರ್ ಹಾಸಿ.

ಈಗ ನನ್ನ ಪ್ರಶ್ನೆಗೆ ಉತ್ತರ. 2020ರ ಮಾರ್ಚ್ 1ರಂದು ಕೊರೋನಾದಿಂದಾಗಿ ಸುಮಿದಾ ಬಾಗಿಲು ಹಾಕಿತು. ಜನರಿಗೆ ಒಗ್ಗಿಕೊಂಡಿದ್ದ ಸುಮಾರು 300 ಮೀನುಗಳು ಮನುಷ್ಯರನ್ನೇ ಮರೆತವು. ನೋಡಿಕೊಳ್ಳುವ ಸಿಬ್ಬಂದಿ ಬಂದರೂ ಬಿಲದೊಳಗೆ! ಆರೋಗ್ಯ ನೋಡೋದೇ ಕಷ್ಟ ಆಯ್ತು. ಮೇ 3ರಿಂದ 5ರವರೆಗೆ ತೊಟ್ಟಿಯ ಮುಂದೆ ಟ್ಯಾಬ್ಲೆಟ್‌ಗಳನ್ನಿಟ್ಟು, 'ವಿಡಿಯೋ ಕಾಲ್ ಮಾಡಿ ಮುಖ ತೋರಿಸಿ' ಅಂತ ಜನರನ್ನು ಕೇಳಿಕೊಂಡರು.

ಮೊದಲು ಓದಿದಾಗ ನಕ್ಕೆ. ಆಮೇಲೆ ನಗು ನಿಂತಿತು. ಈ ಮೀನಿನ ನಾಚಿಕೆ ಹುಟ್ಟುಗುಣವೇ ಇರಬಹುದು, ಆದರೆ ಸಲಿಗೆ ದಿನಾ ಮುಖ ನೋಡಿ ಬೆಳೆದದ್ದು. ಎರಡೇ ತಿಂಗಳಲ್ಲಿ ಅಳಿಸಿಹೋಗುವಂಥದ್ದು.

ಅದೇ ದಿನಗಳಲ್ಲಿ ಊರಲ್ಲಿದ್ದ ಅಕ್ಕನ ಪುಟ್ಟ ಮಗ ಫೋನಿನಲ್ಲಿ ನನ್ನ ಮುಖ ಕಂಡರೆ ಅಕ್ಕನ ಸೆರಗಿನ ಹಿಂದೆ ಅಡಗ್ತಿದ್ದ. ದಿನಾ ಕಾಲ್ ಮಾಡಿದೆ. ಈಗ ನಾನು ಹಲೋ ಅನ್ನೋಕೆ ಮುಂಚೆ ಅವನೇ 'ಮಾಮಾ' ಅಂತಾನೆ.